ಮೇಜಿನ ಸುತ್ತ ಹೊರಗಿನವನು ಒಬ್ಬನೇ: ಖಾಸಗಿ ಪೋಕರ್ ಆಟದ ಒಂದು ಪ್ರಕರಣ

ಮೇಜಿನ ಸುತ್ತ ಆರು ಜನ ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬನ ಮುಖ ಟೀವಿಯಲ್ಲಿ ನೋಡಿ ಪರಿಚಯವಾದದ್ದು. ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿದವನು. ಉಳಿದವರು ಹಣವಂತರಂತೆ ಕಾಣುತ್ತಾರೆ, ಗೆದ್ದಾಗ ನಗುತ್ತಾರೆ, ಸೋತಾಗ ಹಣೆ ಚಚ್ಚಿಕೊಳ್ಳುತ್ತಾರೆ. ಎಲೆ ಹಂಚಲು ಸಂಬಳದ ಮನುಷ್ಯನಿದ್ದಾನೆ. ಎಲೆ ಕಲೆಸಲು ದೊಡ್ಡ ಕ್ಯಾಸಿನೊಗಳಲ್ಲಿ ಇರುವಂಥದ್ದೇ ಯಂತ್ರವಿದೆ. ಆರನೆಯವನು ಆ ರಾತ್ರಿಯ ಅತಿಥಿ. ಬಲ್ಲವರೊಬ್ಬರು ಕರೆತಂದಿದ್ದಾರೆ. ಅವನಿಗೆ ಆಟ ಚೆನ್ನಾಗಿಯೇ ಬರುತ್ತದೆ. ಬೆಳಗಾಗುವ ಹೊತ್ತಿಗೆ ಅವನು ಸೋತಿರುತ್ತಾನೆ. ಏಕೆ ಸೋತೆ ಎಂದು ಯಾರಾದರೂ ಕೇಳಿದರೆ, ಕೊನೆಯ ಎಲೆ ಕೈಕೊಟ್ಟಿತು ಎನ್ನುತ್ತಾನೆ.

2025ರ ಅಕ್ಟೋಬರ್ 23ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಫೆಡರಲ್ ಸರ್ಕಾರಿ ವಕೀಲರು 31 ಜನರ ಮೇಲೆ ಹೊರಿಸಿದ ಆರೋಪದ ತಿರುಳು ಇದು: ಅಂಥ ಮೇಜಿನಲ್ಲಿ ಆಟ ಆಡುತ್ತಿದ್ದವನು ಆರನೆಯವನೊಬ್ಬನೇ. ಮಿಕ್ಕವರೆಲ್ಲ ಕೆಲಸ ಮಾಡುತ್ತಿದ್ದರು. ಎಲೆ ಹಂಚುವವನು, ಎದುರಾಳಿಗಳು, ಹೆಸರಾಂತ ಕ್ರೀಡಾಪಟು ಎಲ್ಲರೂ ಒಂದೇ ಕೂಟ. ಅವರ ಮಾತಿನಲ್ಲಿ ಅತಿಥಿಯ ಹೆಸರು ‘ಫಿಶ್’, ಮೀನು. ನಾವು ಮಿಕ ಎನ್ನುತ್ತೇವೆ.

2019ರಿಂದ ಹೀಗೆ ನಡೆಯಿತು, ಮಿಕಗಳು ಕಳೆದುಕೊಂಡದ್ದು ಕನಿಷ್ಠ 70 ಲಕ್ಷ ಡಾಲರ್ ಎಂದು ಸರ್ಕಾರಿ ವಕೀಲರ ಲೆಕ್ಕ. ರೂಪಾಯಿಯಲ್ಲಿ 60 ಕೋಟಿಗೂ ಮೇಲೆ. ಒಬ್ಬನೇ ವ್ಯಕ್ತಿ 18 ಲಕ್ಷ ಡಾಲರ್ ಸೋತಿದ್ದಾನೆ. ಆಟಗಳು ನಡೆದದ್ದು ಮ್ಯಾನ್‌ಹ್ಯಾಟನ್, ಹ್ಯಾಂಪ್ಟನ್ಸ್, ಮಯಾಮಿ, ಲಾಸ್ ವೇಗಸ್‌ಗಳಲ್ಲಿ. ಬೆನ್ನ ಹಿಂದೆ ನ್ಯೂಯಾರ್ಕಿನ ಬೊನಾನೊ, ಗ್ಯಾಂಬಿನೊ, ಜೆನೊವೀಸ್ ಎಂಬ ಮಾಫಿಯಾ ಮನೆತನಗಳ ಜನ ಇದ್ದರು ಎಂಬುದೂ ಆರೋಪದಲ್ಲಿದೆ. ಆರೋಪಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಚಾನ್ಸಿ ಬಿಲಪ್ಸ್, ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ತಂಡದ ತರಬೇತುದಾರರಾಗಿದ್ದವರು. 2025ರ ನವೆಂಬರ್‌ನಲ್ಲಿ ನ್ಯಾಯಾಲಯದ ಮುಂದೆ ಅವರು ಆರೋಪವನ್ನು ನಿರಾಕರಿಸಿದರು. ಆದ್ದರಿಂದ ಇಲ್ಲಿ ನಾನು ಬರೆಯುವುದನ್ನು ಸರ್ಕಾರಿ ಪಕ್ಷದ ವಾದ ಎಂದೇ ಓದಬೇಕು. ಯಾರು ತಪ್ಪಿತಸ್ಥರು ಎಂಬುದು ನನ್ನ ವಿಷಯವಲ್ಲ. ಆ ಕುರ್ಚಿಯಲ್ಲಿ ಕುಳಿತ ಅತಿಥಿಯ ಬಗ್ಗೆ ನನಗೆ ಚಿಂತೆ. ಏಕೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಊರ ಹೊರಗಿನ ತೋಟದ ಮನೆಗಳಲ್ಲಿ, ನ್ಯೂಜೆರ್ಸಿಯ ನಮ್ಮವರ ಮನೆಗಳ ನೆಲಮಾಳಿಗೆಗಳಲ್ಲಿ ವಾರಾಂತ್ಯಕ್ಕೆ ಪೋಕರ್ ಆಡುವ ಕನ್ನಡಿಗರು ಕಡಿಮೆಯಿಲ್ಲ. ಅವರಲ್ಲಿ ಅನೇಕರು ಒಂದೇ ಮಾತು ಹೇಳುತ್ತಾರೆ: ‘ನನಗೆ ಆಟ ಬರುತ್ತದೆ, ನನ್ನನ್ನು ಯಾರೂ ಮೋಸ ಮಾಡಲಾರರು.’ ಈ ಪ್ರಕರಣದಲ್ಲಿ ಆಟ ಬಲ್ಲವರೇ ಮುಳುಗಿದರು.

ಯಂತ್ರದಿಂದ ಶುರುಮಾಡುತ್ತೇನೆ.

ಆಡುತ್ತಿದ್ದದ್ದು ಪೋಕರಿನ ಟೆಕ್ಸಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬನಿಗೆ ಕವುಚಿದ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಆರು ಜನ ಕುಳಿತರೆ ಕೈಗೆ ಹೋಗುವುದು 12. ನಡುವಿನ ಎಲೆಗಳನ್ನು ತೆರೆಯುವ ಮೊದಲು ಮೂರು ಬಾರಿ ಒಂದೊಂದು ಎಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ, ಅದು 3. ನಡುವಿನವು 5. ಒಟ್ಟು 20. ಅಂದರೆ ಕಟ್ಟಿನ ಮೇಲಿನ 20 ಎಲೆಗಳ ಸರಣಿ ಯಾರಿಗೆ ಗೊತ್ತಿದೆಯೋ ಅವನಿಗೆ ಮೊದಲ ಎಲೆ ಬೀಳುವ ಮುನ್ನವೇ ಆ ಕೈಯ, ಅಂದರೆ ಒಂದು ಸಲ ಎಲೆ ಹಂಚಿ ಆಡುವ ಆಟದ, ಹಣೆಬರಹ ಗೊತ್ತು. ಉಳಿದ 32 ಎಲೆಗಳು ಲೆಕ್ಕಕ್ಕೇ ಬರುವುದಿಲ್ಲ.

ಕಲೆಸುವ ಯಂತ್ರವನ್ನು ತಿದ್ದಿ, ಅದು ಎಲೆಗಳನ್ನು ಓದುವಂತೆ ಮಾಡಿದ್ದರು ಎಂಬುದು ಆರೋಪ. ಯಾರ ಕೈ ಗೆಲ್ಲುತ್ತದೆ ಎಂಬ ಸುದ್ದಿ ಯಂತ್ರದಿಂದ ಬೇರೆಲ್ಲೋ ಕುಳಿತ ಒಬ್ಬನಿಗೆ ಹೋಗುತ್ತಿತ್ತು. ಅವನು ಅದನ್ನು ಮೇಜಿನಲ್ಲಿರುವ ಒಬ್ಬ ಆಟಗಾರನ ಮೊಬೈಲಿಗೆ ಕಳಿಸುತ್ತಿದ್ದ. ಆ ಆಟಗಾರನಿಗೆ ಅವರಿಟ್ಟ ಹೆಸರು ‘ಕ್ವಾರ್ಟರ್‌ಬ್ಯಾಕ್’, ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡದ ಆಟ ನಡೆಸುವವನ ಹೆಸರು. ಆತ ಒಂದು ಚಿಪ್ಪನ್ನು (ಹಣದ ಬದಲು ಮೇಜಿನಲ್ಲಿ ಇಡುವ ಬಿಲ್ಲೆ) ಮುಟ್ಟುತ್ತಿದ್ದ ಅಥವಾ ಗಲ್ಲ ಸವರಿಕೊಳ್ಳುತ್ತಿದ್ದ. ಕೂಟದವರಿಗೆ ಅಷ್ಟು ಸಾಕು. ಪೋಕರ್ ಮೇಜಿನಲ್ಲಿ ಚಿಪ್ಪುಗಳ ಜೊತೆ ಬೆರಳಾಡಿಸದವರು ಯಾರಿದ್ದಾರೆ? ಆ ಬೆರಳುಗಳನ್ನು ನೋಡಿ ಅನುಮಾನ ಪಡಲು ಯಾವ ಅತಿಥಿಗೂ ಸಾಧ್ಯವಿರಲಿಲ್ಲ.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಇನ್ನೊಂದು ಸಂಗತಿ. 2023ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಐಒಆಕ್ಟಿವ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ‘ಡೆಕ್‌ಮೇಟ್ 2’ ಎಂಬ ಕಲೆಸುವ ಯಂತ್ರವನ್ನು ಹೇಗೆ ವಶಪಡಿಸಿಕೊಳ್ಳಬಹುದು ಎಂದು ತೋರಿಸಿದರು. ಆ ಯಂತ್ರದೊಳಗೆ ಒಂದು ಕ್ಯಾಮೆರಾ ಇದೆ. ಕಟ್ಟಿನಲ್ಲಿ 52 ಎಲೆಗಳೂ ಇವೆಯೇ, ಯಾರಾದರೂ ಒಂದೆರಡನ್ನು ತೋಳಿಗೆ ಸೇರಿಸಿಕೊಂಡಿದ್ದಾರೆಯೇ ಎಂದು ನೋಡಲು ಇಟ್ಟದ್ದು. ಮೇಜಿನ ಕೆಳಗೆ, ಕುಳಿತವರ ಮೊಣಕಾಲಿನ ಹತ್ತಿರಕ್ಕೆ, ಅದರ ಯುಎಸ್‌ಬಿ ಕಿಂಡಿ ಬರುತ್ತದೆ. ಅಲ್ಲಿ ಸಣ್ಣದೊಂದು ಸಾಧನ ಸಿಕ್ಕಿಸಿ, ಯಂತ್ರದ ತಂತ್ರಾಂಶವನ್ನೇ ಬದಲಿಸಿ, ಕ್ಯಾಮೆರಾ ಕಂಡದ್ದನ್ನೆಲ್ಲ ಫೋನಿಗೆ ತಲುಪಿಸಿದರು. ಕಳ್ಳನನ್ನು ಹಿಡಿಯಲು ಇಟ್ಟ ಕಣ್ಣು ಕಳ್ಳನ ಕಣ್ಣಾಯಿತು. ಪರವಾನಗಿ ಪಡೆದ ಕ್ಯಾಸಿನೊದಲ್ಲಿ ಯಂತ್ರದ ಸುತ್ತ ಕಾವಲಿದೆ, ತಪಾಸಣೆಯಿದೆ. ಮನೆಯೊಂದರ ಮೇಜಿನ ಮೇಲೆ ಕುಳಿತ ಯಂತ್ರವನ್ನು ಯಾರು ತಂದರು, ಯಾರು ಬಿಚ್ಚಿದರು, ಯಾರಿಗೂ ಗೊತ್ತಿಲ್ಲ. ಇಂಥ ಒಂದು ತಿದ್ದಿದ ಯಂತ್ರವನ್ನು ದಕ್ಕಿಸಿಕೊಳ್ಳಲು 2023ರ ಸೆಪ್ಟೆಂಬರ್‌ನಲ್ಲಿ ಕೆಲವು ಆರೋಪಿಗಳು ಬಂದೂಕು ತೋರಿಸಿ ದರೋಡೆ ಮಾಡಿದರು ಎಂದೂ ಸರ್ಕಾರಿ ವಕೀಲರು ಹೇಳಿದ್ದಾರೆ. ಅದರ ಬೆಲೆ ಏನಿತ್ತು ಎಂದು ಇದರಿಂದಲೇ ತಿಳಿಯಬಹುದು.

‘ಕಲೆಸಿದ ಮೇಲೆ ಕಟ್ ಮಾಡುತ್ತಾರಲ್ಲ, ಕಟ್ಟನ್ನು ಎರಡು ಪಾಲು ಮಾಡಿ ಕೆಳಗಿನದನ್ನು ಮೇಲಿಡುತ್ತಾರಲ್ಲ?’ ಎಂಬ ಪ್ರಶ್ನೆ ಸಹಜ. ಆದರೆ ಕಟ್ ಮಾಡಿದರೆ ಎಲೆಗಳ ಸರಣಿ ಕೆಡುವುದಿಲ್ಲ, ಶುರುವಾಗುವ ಜಾಗ ಬದಲಾಗುತ್ತದೆ ಅಷ್ಟೇ. ಕೂಟದವನು ತನ್ನ ಕೈಗೆ ಬಂದ ಎರಡು ಎಲೆ ನೋಡಿದ ಕೂಡಲೇ ಕಟ್ ಎಲ್ಲಿ ಬಿತ್ತು ಎಂದು ಲೆಕ್ಕ ಹಾಕಬಹುದು. ಕಟ್ ಮಾಡುವುದು ಹಂಚುವವನ ಕೈಚಳಕಕ್ಕೆ ಹಾಕಿದ ಬೇಲಿ. ಯಂತ್ರದ ಕಣ್ಣಿಗೆ ಆ ಬೇಲಿ ಅಡ್ಡ ಬರುವುದಿಲ್ಲ.

ಯಂತ್ರವೊಂದೇ ಅಲ್ಲ. ಗುರುತು ಹಾಕಿದ ಎಲೆಗಳನ್ನು ಓದುವ ಕಾಂಟ್ಯಾಕ್ಟ್ ಲೆನ್ಸ್ ಮತ್ತು ಕನ್ನಡಕ, ಕವುಚಿದ ಎಲೆಯನ್ನು ಕೆಳಗಿನಿಂದ ಓದುವ ಎಕ್ಸ್‌ರೇ ಮೇಜು, ಗುಪ್ತ ಕ್ಯಾಮೆರಾ ಅಡಗಿಸಿದ ಚಿಪ್ಪಿನ ತಟ್ಟೆ ಇವೂ ಆರೋಪಪಟ್ಟಿಯಲ್ಲಿವೆ. ಒಂದು ಕೆಟ್ಟರೆ ಇನ್ನೊಂದು.

ಈಗ ಅತಿಥಿಯ ಪಕ್ಕದಲ್ಲಿ ಕುಳಿತು ಒಂದು ಕೈ ನೋಡೋಣ. ಇದು ನಾನು ಕಟ್ಟಿದ ಉದಾಹರಣೆ, ಆರೋಪಪಟ್ಟಿಯದಲ್ಲ. ಅವನ ಕೈಯಲ್ಲಿ ಎರಡು ರಾಜ. ಎದುರಿಗಿರುವವನ ಕೈಯಲ್ಲಿ ಎರಡು ಏಳು. ಪ್ರಾಮಾಣಿಕ ಮೇಜಿನಲ್ಲಿ ಏಳರ ಜೋಡಿಯವನು ದೊಡ್ಡ ಮೊತ್ತಕ್ಕೆ ಅಂಜಿ ಎಲೆ ಕವುಚಿ ಆ ಕೈಯನ್ನು ಬಿಟ್ಟುಕೊಡುತ್ತಾನೆ. ಇಲ್ಲಿ ಅವನು ಪ್ರತಿ ಸುತ್ತಿನಲ್ಲೂ ಹಣ ಇಡುತ್ತಾ ಹೋಗುತ್ತಾನೆ. ಸ್ವಲ್ಪ ತಡವರಿಸುವ ನಟನೆಯನ್ನೂ ಮಾಡುತ್ತಾನೆ. ಐದನೆಯ ಎಲೆಯಾಗಿ ಏಳು ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತು. ಏಳು ಬರುತ್ತದೆ. ಮೂರು ಏಳರ ಮುಂದೆ ಎರಡು ರಾಜ ಸೋಲುತ್ತವೆ. ಅತಿಥಿ ‘ಎಂಥ ಅದೃಷ್ಟ!’ ಎಂದು ಎದುರಾಳಿಯನ್ನು ಅಭಿನಂದಿಸುತ್ತಾನೆ. ಅತಿಥಿಯೇ ಗೆಲ್ಲುವ ಕೈಯಾದರೆ ಉಳಿದ ಐವರೂ ಬೇಗ ಎಲೆ ಕವುಚುತ್ತಾರೆ, ಅವನಿಗೆ ಸಿಗುವುದು ಚಿಲ್ಲರೆ.

ಇದೇ ಆ ಮೋಸದ ಮುದ್ರೆ. ಮಿಕಕ್ಕೆ ಕೆಟ್ಟ ಎಲೆ ಕೊಡುವುದಿಲ್ಲ, ಒಳ್ಳೆಯ ಎಲೆ ಬರುವುದನ್ನೇ ಕಾಯುತ್ತಾರೆ, ಅದಕ್ಕಿಂತ ಒಂದು ಗುಂಜಿ ಮೇಲಾದದ್ದು ಇನ್ನೊಬ್ಬನ ಕೈಯಲ್ಲಿ ಇರುವ ಹೊತ್ತು ನೋಡಿ ಹಣ ಎಳೆಯುತ್ತಾರೆ. ಗೆದ್ದದ್ದು ಹತ್ತು ಕೈ, ಸೋತದ್ದು ಮೂರು, ಆದರೆ ಮನೆಗೆ ಬರುವಾಗ ಜೇಬು ಖಾಲಿ. ಪೋಕರಿನಲ್ಲಿ ಇಂಥ ಸೋಲು ಪ್ರಾಮಾಣಿಕವಾಗಿಯೂ ಆಗುತ್ತದೆ. ಅದೇ ಮೋಸಗಾರನಿಗೆ ಮರೆ. ಒಂದು ರಾತ್ರಿಯ ಸೋಲನ್ನು ಹಿಡಿದು ಯಾರೂ ಏನೂ ಸಾಬೀತು ಮಾಡಲಾಗದು. ಅದೂ ಸಾಲದೆಂಬಂತೆ, ಅನುಮಾನ ಬಾರದಿರಲಿ ಎಂದು ಬೇಕೆಂದೇ ಕೆಲವು ಕೈ ಸೋಲುವ ಬಗ್ಗೆ ಕೂಟದವರು ಸಂದೇಶಗಳಲ್ಲಿ ಚರ್ಚಿಸಿದ್ದರು ಎಂದು ಸರ್ಕಾರಿ ಪಕ್ಷ ಹೇಳುತ್ತದೆ.

ಹಾಗಾದರೆ ಅತಿಥಿ ಎಲ್ಲಿ ಎಡವಿದ? ಮೇಜಿನ ಮೇಲೆ ಖಂಡಿತ ಅಲ್ಲ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ನನ್ನ ಮಟ್ಟಿಗೆ ಈ ಪ್ರಕರಣ ನಡೆದದ್ದು ಕರೆ ಬಂದ ಗಳಿಗೆಯಲ್ಲಿ.

ಮೀನಿಗೆ ಎರೆ ಬೇಕು. ಇಲ್ಲಿ ಎರೆ ಪ್ರಸಿದ್ಧ ಮುಖ. ಕೂಟದವರು ಅಂಥ ಕ್ರೀಡಾಪಟುಗಳನ್ನು ‘ಫೇಸ್ ಕಾರ್ಡ್’ ಎನ್ನುತ್ತಿದ್ದರು. ರಾಜ, ರಾಣಿ, ಗುಲಾಮರ ಚಿತ್ರವಿರುವ ಎಲೆಗಳಿಗಿರುವ ಹೆಸರದು. 2019ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಒಂದು ಆಟದ ಬಗ್ಗೆ ನ್ಯಾಯಾಲಯಕ್ಕೆ ಸಲ್ಲಿಸಿದ ಸಂದೇಶವೊಂದರಲ್ಲಿ, ಅತಿಥಿ ತಾರೆಯನ್ನು ಕಂಡು ಎಷ್ಟು ಮರುಳಾಗಿದ್ದನೆಂದರೆ ತನ್ನ ಹಣ ಅವರಿಗೇ ಸೇರಲಿ ಎಂಬಂತೆ ಆಡಿದ ಎಂಬರ್ಥದ ಮಾತಿದೆ. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಆ ಮನುಷ್ಯ ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಸಿಕೊಂಡ ಚಿತ್ರದ ಎದುರು ಕುಳಿತಿದ್ದನೋ ಏನೋ. ನಮ್ಮಲ್ಲಾದರೆ ಒಬ್ಬ ನಟ, ಒಬ್ಬ ಕ್ರಿಕೆಟಿಗ, ಒಬ್ಬ ಶಾಸಕನ ಮಗ ಎದುರಿಗಿದ್ದರೆ ನಾವೂ ಯಂತ್ರದ ಕಡೆ ನೋಡುವುದಿಲ್ಲ, ಅವರ ಕಡೆ ನೋಡುತ್ತೇವೆ. ಅಂಥವರು ಬಂದಿದ್ದಾರೆಂದರೆ ಆಟ ನೇರವಾಗಿಯೇ ಇರುತ್ತದೆ ಎಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ: ಆ ಮೇಜಿನಲ್ಲಿ ನನಗೆ ಸ್ವತಂತ್ರವಾಗಿ ಗೊತ್ತಿರುವವರು ಎಷ್ಟು ಜನ? ಕರೆದವನೊಬ್ಬನೇ ಪರಿಚಯ, ಉಳಿದವರು ಅವನ ಮೂಲಕ ಪರಿಚಯ ಎಂದಾದರೆ ಉತ್ತರ ಒಂದೇ ಬಾಯಿಯಿಂದ ಬಂದಂತೆ. ಒಬ್ಬರನ್ನೊಬ್ಬರು ಅರಿಯದ, ನನಗೆ ಮಾತ್ರ ಹಳೆಯ ಗುರುತಿನ ಇಬ್ಬರು ಆ ಮೇಜಿನಲ್ಲಿದ್ದರೆ ಲೆಕ್ಕವೇ ಬೇರೆ. ಇಡೀ ಮೇಜು ಕೂಟವಾಗಲು ಆಗ ಸಾಧ್ಯವಿಲ್ಲ. ಈ ಆಟ ಎಷ್ಟು ದಿನದಿಂದ ನಡೆದಿದೆ, ಮೊದಲು ಬರುತ್ತಿದ್ದು ಈಗ ಬಾರದವರು ಯಾರು, ಅವರೇಕೆ ಬಿಟ್ಟರು ಎಂದು ಕೇಳಿ, ಆ ಬಿಟ್ಟವರ ಜೊತೆ ಹತ್ತು ನಿಮಿಷ ಮಾತನಾಡುವುದು ಇನ್ನೂ ಒಳ್ಳೆಯದು. ಸೋತು ಹೋದವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಎರಡನೆಯದು ಸಾಲ. ಇಂಥ ಆಟಗಳಲ್ಲಿ ಚಿಪ್ಪು ಮೊದಲು, ಹಣ ಆಮೇಲೆ. ಸೋತವರು ಹಣವನ್ನು ಬ್ಯಾಂಕ್ ಮೂಲಕ ಕಾಗದದ ಮೇಲಷ್ಟೇ ಇರುವ ಕಂಪನಿಗಳ ಖಾತೆಗಳಿಗೆ ಕಳಿಸಿದರು, ಅಲ್ಲಿಂದ ಅದನ್ನು ಕ್ರಿಪ್ಟೊ ಮುಂತಾದ ದಾರಿಗಳಲ್ಲಿ ತೊಳೆದರು, ಕೊಡದವರ ಮೇಲೆ ಬೆದರಿಕೆ ಮತ್ತು ಹಲ್ಲೆ ನಡೆಯಿತು ಎಂಬುದು ಆರೋಪ. ಆಟಕ್ಕೆ ಆಸರೆ ಕೊಟ್ಟದ್ದಕ್ಕೆ, ಈ ವಸೂಲಿಯ ಕೆಲಸಕ್ಕೆ ಮಾಫಿಯಾ ಮನೆತನಗಳಿಗೆ ಪಾಲು ಹೋಗುತ್ತಿತ್ತು ಎಂಬುದೂ ಅದರಲ್ಲಿದೆ. ಯೋಚಿಸಿ ನೋಡಿ: ಅತಿಥಿ ಆ ರಾತ್ರಿ ಜೇಬಿನಲ್ಲಿ ತಂದ ಹಣ ಮುಗಿದ ಕೂಡಲೇ ಎದ್ದಿದ್ದರೆ ಎಷ್ಟೇ ಮೋಸದ ಯಂತ್ರವಾದರೂ ಅವನಿಂದ ಕಸಿಯಬಹುದಾದದ್ದು ಅಷ್ಟನ್ನೇ. 18 ಲಕ್ಷ ಡಾಲರನ್ನು ಯಾರೂ ಜೇಬಿನಲ್ಲಿ ಇಟ್ಟುಕೊಂಡು ಬರುವುದಿಲ್ಲ. ‘ಆಮೇಲೆ ಕೊಡಿ ಸಾರ್, ನಿಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂಬ ಮಾತು ಬಂದ ಕ್ಷಣ ಎದ್ದು ಬರಬೇಕು. ಖಾಸಗಿ ಆಟಕ್ಕೆ ಹೋಗಲೇಬೇಕೆನ್ನುವವರಿಗೆ ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ನಾನು ಇದನ್ನೇ ಹೇಳುತ್ತೇನೆ: ಕಳೆದುಕೊಂಡರೂ ನಿದ್ದೆ ಕೆಡದಷ್ಟು ನಗದು ಒಯ್ಯಿರಿ, ಕಾರ್ಡು ಮನೆಯಲ್ಲಿರಲಿ, ಯುಪಿಐ ಮಿತಿಯನ್ನು ಹೊರಡುವ ಮೊದಲೇ ಇಳಿಸಿ.

ಗೆದ್ದಾಗಲೂ ಅಪಾಯ ಇಲ್ಲದಿಲ್ಲ. ನಗದು ಇರುವ ಮನೆ ಎಂದು ಗೊತ್ತಾದರೆ ದರೋಡೆಕೋರರು ಬರುತ್ತಾರೆ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗುವುದು ನಾಚಿಕೆಯ ವಿಷಯವಲ್ಲ. ಹೇಳಲು ನಾಚಿಕೆಯಾಗುವ ಜಾಗವಾದರೆ ಹೋಗುವ ಬಗ್ಗೆಯೇ ಇನ್ನೊಮ್ಮೆ ಯೋಚಿಸಬೇಕು. ಸ್ವಂತ ವಾಹನದಲ್ಲಿ ಹೋಗಿ, ಕುಡಿಯದೆ ಆಡಿ, ಏಳುವ ಹೊತ್ತನ್ನು ಮೊದಲೇ ಹೇಳಿಬಿಡಿ.

ಕಾನೂನಿನ ಮಾತಿಗೆ ಬಂದರೆ, ನ್ಯೂಯಾರ್ಕಿಗೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಜೂಜು ನಡೆಸಿ ಲಾಭ ಪಡೆಯುವುದು ಅಪರಾಧ, ಬರೀ ಆಟಗಾರನಾಗಿ ಕುಳಿತವನು ಅಪರಾಧಿಯಲ್ಲ. ಆದ್ದರಿಂದ ಮೋಸ ಹೋದವನು ತನಿಖಾಧಿಕಾರಿಯ ಮುಂದೆ ಬಾಯಿ ಬಿಡಬಲ್ಲ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಸೆಕ್ಷನ್ ಜೂಜಿನ ಅಡ್ಡೆ ನಡೆಸುವವನನ್ನು ಹಿಡಿದರೆ, 80ನೇ ಸೆಕ್ಷನ್ ಅಲ್ಲಿ ಸಿಕ್ಕ ಆಟಗಾರನನ್ನೂ ಹಿಡಿಯುತ್ತದೆ. ಕೌಶಲದ ಆಟಗಳಿಗೆ 176ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ, ಪೋಕರ್ ಅಂಥ ಆಟ ಎಂಬ ವಾದಕ್ಕೆ 2013ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಬೆಂಬಲ ಸಿಕ್ಕಿತ್ತು. 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರನ್ನು ಜೂಜು ಎಂದೇ ಕರೆಯಿತು. ಮನೆಯ ಯಜಮಾನ ಪ್ರತಿ ಕೈಯಿಂದಲೂ ತನ್ನ ಪಾಲು ಎತ್ತುತ್ತಿದ್ದರೆ ಆ ಮನೆ ಅಡ್ಡೆ ಎನಿಸಿಕೊಳ್ಳುವ ದಾರಿಯಲ್ಲಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಆಟಗಾರರಲ್ಲಿ ಕೆಲವರು ಇಂಥ ಮನೆಗಳ ಕಡೆ ತಿರುಗಬಹುದು ಎಂಬ ಭಯ ನನಗಿದೆ. ಮೊಬೈಲಿನಲ್ಲಿ ಹಣ ಹೋದರೆ ಕೊನೆಗೆ ಖಾತೆಯ ವಿವರವಾದರೂ ಇರುತ್ತಿತ್ತು. ತೋಟದ ಮನೆಯಲ್ಲಿ ಅದೂ ಇಲ್ಲ, ಮೇಲೆ ‘ಪೊಲೀಸರ ಹತ್ತಿರ ಹೋದರೆ ನೀನೂ ಒಳಗೆ’ ಎಂಬ ಬೆದರಿಕೆ ಬೇರೆ.

ಆ ಬೆದರಿಕೆಯ ಮುಂದೆ ತಿಳಿದಿರಬೇಕಾದ ಒಂದು ಹಳೆಯ ಕಾನೂನಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಂದ್ಯ ಕಟ್ಟಿದ ಒಪ್ಪಂದ ಅನೂರ್ಜಿತ; ಅಂಥ ಪಂದ್ಯದಲ್ಲಿ ಗೆದ್ದೆನೆಂದು ಹೇಳಿಕೊಂಡು ಯಾರೂ ನ್ಯಾಯಾಲಯದಲ್ಲಿ ಹಣ ಕೇಳುವಂತಿಲ್ಲ. ಪೋಕರ್ ಪಂದ್ಯವೋ ಕೌಶಲವೋ ಎಂಬ ವಾದ ಇಲ್ಲಿಯೂ ಏಳಬಹುದು. ಆದರೆ ಮೋಸದ ಆಟ ನಡೆಸಿದವನು ನ್ಯಾಯಾಲಯಕ್ಕೆ ಹೋಗುವುದು ದೂರದ ಮಾತು. ಅವನು ಬಾಗಿಲಿಗೆ ಜನ ಕಳಿಸುವುದು ಅದಕ್ಕೇ. ಜನ ಕಳಿಸಿ ಹೆದರಿಸಿ ವಸೂಲಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆ, ಆಟದ ಮೋಸ 318ನೇ ಸೆಕ್ಷನ್ನಿನ ವಂಚನೆ. ಸೋತವನಿಗೆ ತಾನು ಸಾಲಗಾರ ಎಂಬ ಭಾವನೆಯೇ ಕೈಕಟ್ಟಿ ಹಾಕುತ್ತದೆ. ಮನೆಯವರಿಗೆ ಗೊತ್ತಾಗಬಾರದೆಂದು ಒಡವೆ ಅಡವಿಡುವ ಮೊದಲು ಒಬ್ಬ ವಕೀಲರ ಮುಂದೆ ಎಲ್ಲವನ್ನೂ ಹೇಳಿಕೊಳ್ಳಿ, ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ಮನೆಯ ಮುಂದೆ ಜನ ನಿಂತರೆ 112ಕ್ಕೆ ಕರೆ ಮಾಡಿ.

ಮತ್ತೆ ಆ ಮೇಜಿಗೆ ಬರುತ್ತೇನೆ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಹೊತ್ತಿಗೆ ಅರಳೀಕಟ್ಟೆಯ ಮೇಲೆ ಇಸ್ಪೀಟು ಹಾಕುವುದನ್ನು ನೋಡಿದವರಿಗೆ ಗೊತ್ತು: ಒಬ್ಬ ಕಲೆಸುತ್ತಾನೆ, ಪಕ್ಕದವನು ಕಟ್ ಮಾಡುತ್ತಾನೆ, ಹಿಂದೆ ನಿಂತವರ ಹತ್ತು ಜೊತೆ ಕಣ್ಣು ಆ ಕೈಗಳ ಮೇಲಿರುತ್ತದೆ. ಕೈಚಳಕ ಅಲ್ಲೂ ಉಂಟು. ಆದರೆ ಮೋಸ ಮಾಡುವವನು ಎಲ್ಲರ ಎದುರಿಗೆ ಮಾಡಬೇಕು. ಆ ಎಲ್ಲರೂ ಒಂದೇ ಊರಿನವರು, ನಾಳೆ ಬೆಳಗ್ಗೆ ಮುಖ ನೋಡಬೇಕಾದವರು.

ಹೊಸ ಮನೆಯೊಂದರಲ್ಲಿ ಕುಳಿತಾಗ ಹೀಗೆ ಮಾಡಿ ನೋಡಿ. ಅಂಗಡಿಯಿಂದ ತಂದ, ಸೀಲು ಒಡೆಯದ ಎರಡು ಕಟ್ಟು ಎಲೆ ಜೊತೆಗಿರಲಿ. ಮೊದಲ ಕೈಗೆ ಮುಂಚೆ, ನಗುತ್ತಲೇ ಹೇಳಿ: ‘ಯಂತ್ರ ಪಕ್ಕಕ್ಕಿರಲಿ, ಇವತ್ತು ನನ್ನ ಎಲೆಯಲ್ಲಿ ಆಡೋಣ, ಕೈಯಲ್ಲೇ ಕಲೆಸೋಣ.’ ಎಲೆಗಳನ್ನು ಕವುಚಿ ಮೇಜಿನ ತುಂಬ ಹರಡಿ, ಎರಡೂ ಅಂಗೈಗಳಿಂದ ಗೋಧಿ ಹರವಿದಂತೆ ತಿರುವಿ, ಒಟ್ಟುಗೂಡಿಸಿ ಕಲೆಸಿ, ಇನ್ನೊಬ್ಬರಿಂದ ಕಟ್ ಮಾಡಿಸಿ. ಇದಕ್ಕೆ ಎರಡು ನಿಮಿಷ ಸಾಕು. ಮನೆಯ ಯಜಮಾನ ‘ಆಗಲಿ’ ಎಂದು ಅಂಗಿಯ ತೋಳು ಮಡಚಿ ತಾನೇ ಕಲೆಸಲು ಕುಳಿತರೆ, ಅದು ಕೂಟವಲ್ಲ ಎಂಬುದಕ್ಕೆ ಪೂರ್ತಿ ಪುರಾವೆಯಾಗದಿದ್ದರೂ, ಒಂದು ಒಳ್ಳೆಯ ಲಕ್ಷಣ. ಅವನ ಮುಖ ಬಿಗಿದು, ‘ಹೊತ್ತಾಗುತ್ತದೆ, ನಮ್ಮಲ್ಲಿ ಯಾವಾಗಲೂ ಯಂತ್ರವೇ, ದೊಡ್ಡವರು ಕುಳಿತಿದ್ದಾರೆ, ಅನುಮಾನ ಪಡುತ್ತೀರಾ’ ಎಂದು ಒಂದರ ಹಿಂದೆ ಒಂದು ಕಾರಣ ಬರತೊಡಗಿದರೆ, ನಿಮ್ಮ ಗಾಡಿಯ ಕೀಲಿ ಜೇಬಿನಲ್ಲೇ ಇದೆ. ಆ ಹೊತ್ತಿಗೆ ನೀವಿನ್ನೂ ಒಂದು ರೂಪಾಯಿಯನ್ನೂ ಸೋತಿಲ್ಲ.